ಕಲ್ಲಿದ್ದಲಿನ ಜೊತೆಗೆ ಉರಿಯುವ ಕಟ್ಟಿಗೆ: ಉಬ್ರಾಣಿ ಭಾಗದ ಪಂಚಾಯಿತಿಗಳ ಗಮನಕ್ಕೆ

ರಾಯಚೂರು, ಯರಮರಸ್, ಕುಡತಿನಿ ಹಾಗೂ ಕೂಡಗಿಯ ಶಾಖೋತ್ಪನ್ನ ಸ್ಥಾವರಗಳು ನಡೆಯುವುದು ಕಲ್ಲಿದ್ದಲಿನಿಂದ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲ ಗಣಿ ಇಲ್ಲ. ಅದು ಹೊರರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಕಲ್ಲಿದ್ದಲಿನೊಡನೆ ಒಂದಿಷ್ಟು ಬಯೋಮಾಸ್ ಗುಳಿಗೆಗಳನ್ನೂ ಉರಿಸಬೇಕೆಂದು ಕೇಂದ್ರ ಇಂಧನ ಸಚಿವಾಲಯವು 2021ರಲ್ಲಿ ವಿಧಿಸಿತು. 2023ರ ತಿದ್ದುಪಡಿಯು ಈ ಪ್ರಮಾಣವನ್ನು 2024-25ರಿಂದ ಶೇ 5, 2025-26ರಿಂದ ಶೇ 7 ಎಂದು ನಿಗದಿಪಡಿಸಿತ್ತು. ಬೇಡಿಕೆ ಹೆಚ್ಚಿದಂತೆ ಗುಳಿಗೆ ತಯಾರಕರೂ ಕಟ್ಟಿಗೆ ವ್ಯಾಪಾರಿಗಳೂ ಹಳ್ಳಿಗಳತ್ತ ಬರುವುದು ಸಹಜ.

ಕಟ್ಟಿಗೆಯನ್ನು ನವೀಕರಿಸಬಹುದಾದ ಇಂಧನ ಎನ್ನಲು ಕಾರಣವಿದೆ. ಕಲ್ಲಿದ್ದಲಿನ ಇಂಗಾಲ ಕೋಟ್ಯಂತರ ವರ್ಷ ಭೂಗರ್ಭದಲ್ಲಿದ್ದುದು. ಮರದ ಇಂಗಾಲ ಈಚೆಗೆ ಗಾಳಿಯಿಂದ ಬಂದದ್ದು, ಅಷ್ಟೇ ಮರ ಮತ್ತೆ ಬೆಳೆದರೆ ಅದು ಮರಳಿ ಮರವನ್ನೇ ಸೇರುತ್ತದೆ. ಮತ್ತೆ ಬೆಳೆಯದಿದ್ದರೆ ಆ ಮಾತಿಗೆ ಅರ್ಥವಿಲ್ಲ. ಮೆಕ್ಕೆಜೋಳ ನಾಲ್ಕು ತಿಂಗಳಲ್ಲಿ ಮತ್ತೆ ಬರುತ್ತದೆ, ಗೋಮಾಳದ ಹಳೆಯ ಮರ ಒಂದು ತಲೆಮಾರಿನಲ್ಲೂ ಬಾರದು. ಸಚಿವಾಲಯದ ನೀತಿಯೂ ಮುಖ್ಯವಾಗಿ ಕೃಷಿ ತ್ಯಾಜ್ಯದ ಗುಳಿಗೆಗಳನ್ನೇ ಉದ್ದೇಶಿಸಿದೆ.

ಗುಳಿಗೆಯೇ ಏಕೆ? ನಾರಿರುವ ಕಟ್ಟಿಗೆ ಕಲ್ಲಿದ್ದಲ ಗಿರಣಿಯಲ್ಲಿ ಪುಡಿಯಾಗದು. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಬೆಂಕಿಯ ಕಾವು ಮೊದಲು ಆ ನೀರನ್ನು ಆವಿ ಮಾಡುವುದರಲ್ಲೇ ಕಳೆಯುತ್ತದೆ. ಚೆನ್ನಾಗಿ ಒಣಗಿದ ಕಟ್ಟಿಗೆಯಾದರೆ ಕಿಲೋಗೆ ಸುಮಾರು 4,000 ಕಿಲೋ ಕ್ಯಾಲೊರಿ ಶಾಖ ನೀಡುತ್ತದೆ, ಇದು ನಮ್ಮ ದೇಶದ ಸಾಧಾರಣ ಕಲ್ಲಿದ್ದಲಿಗೆ ಸಮ. ಬೂದಿ ಮಾತ್ರ ಬಹಳ ಕಡಿಮೆ. ಬಿಡಿ ಅಡಿಕೆ ಸಿಪ್ಪೆಯನ್ನು ಲಾರಿಗೆ ತುಂಬಿದರೆ ಜಾಗ ತುಂಬುತ್ತದೆ, ತೂಕ ತುಂಬುವುದಿಲ್ಲ. ಕುಡತಿನಿ ಇಲ್ಲಿಂದ 150 ಕಿ.ಮೀ.ಗೂ ದೂರ. ಆದ್ದರಿಂದ ಒಣಗಿಸಿ ಒತ್ತುವ ಕೆಲಸ ಸಿಪ್ಪೆ ಸಿಗುವ ಊರಿನ ಹತ್ತಿರವೇ ಆಗಬೇಕು.

ಚನ್ನಗಿರಿ ತಾಲ್ಲೂಕಿನಲ್ಲಿ ಸುಗ್ಗಿಯ ಬಳಿಕ ರಸ್ತೆ ಬದಿಯಲ್ಲಿ ಹೊಗೆಯಾಡುವ ಅಡಿಕೆ ಸಿಪ್ಪೆಯ ರಾಶಿಗಳನ್ನು ಸದಸ್ಯರೇ ಬಲ್ಲರು. ಸಂಗ್ರಹ ಅಲ್ಲಿಂದ, ಮತ್ತು ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡಿನಿಂದ ಆರಂಭವಾಗಲಿ. ತೋಟಕ್ಕೆ ಗೊಬ್ಬರವಾಗಿ ಮರಳುವ ಸಿಪ್ಪೆಯನ್ನು ಮುಟ್ಟುವುದು ಬೇಡ. ಉಬ್ರಾಣಿಯ ಕಾಡಂಚಿನ ಸೌದೆ ಬೇರೆಯೇ ವಿಷಯ: ಬಡವರ ಒಲೆಗೂ ಅಡಿಕೆ ಬೇಯಿಸುವ ಹಂಡೆಗೂ ಅದೇ ಆಧಾರ. ಅದಕ್ಕೆ ಹೊರಗಿನ ಬೆಲೆ ಬಂದರೆ ಮೊದಲು ತೊಂದರೆಗೆ ಒಳಗಾಗುವುದು ಕೊಳ್ಳಲಾಗದ ಮನೆ.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಕಟ್ಟಿಗೆಯ ಅನಿಲದಿಂದ ವಿದ್ಯುತ್ ಉತ್ಪಾದಿಸುವ ಘಟಕ ಸ್ಥಾಪಿಸಿದರು. ಅಲ್ಲಿಯೂ ಎಂಜಿನ್ನಿಗೆ ಡೀಸೆಲ್ ಜೊತೆಯಲ್ಲೇ ಈ ಅನಿಲ ಹೋಗುತ್ತಿತ್ತು. ಅದರ ಕಟ್ಟಿಗೆಗೆಂದೇ ಊರಿನಲ್ಲಿ ಪ್ರತ್ಯೇಕ ತೋಪು ಬೆಳೆಸಲಾಗಿತ್ತು ಎಂಬುದು ಗಮನಾರ್ಹ.

ಗುಳಿಗೆ ಯಂತ್ರ ಸ್ಥಾಪನೆಗೆ 1993ರ ಪಂಚಾಯತ್ ರಾಜ್ ಅಧಿನಿಯಮದ 66ನೇ ಪ್ರಕರಣದಡಿ ಗ್ರಾಮ ಪಂಚಾಯಿತಿಯ ಅನುಮತಿ ಅಗತ್ಯ. ಅರ್ಜಿ ಬಂದಾಗ ಕಚ್ಚಾವಸ್ತು ಯಾವುದು, ಯಾರ ಜಮೀನಿನದು, ವರ್ಷಕ್ಕೆ ಎಷ್ಟು ಟನ್ ಎಂಬುದನ್ನು ಲಿಖಿತವಾಗಿ ಪಡೆದು ಸಭೆಯ ಮುಂದಿಡತಕ್ಕದ್ದು. ಮರ ಕಡಿಯುವ ಪ್ರಸ್ತಾಪವಿದ್ದಲ್ಲಿ 1976ರ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯ ಅನುಮತಿ ಇದೆಯೇ ಎಂದು ಪರಿಶೀಲಿಸದೆ ನಿರ್ಣಯ ಕೈಗೊಳ್ಳಬಾರದು.