ಭಂವರಿ ದೇವಿ ಮತ್ತು ನಿಮ್ಮ ಆಫೀಸಿನ ಸಮಿತಿ

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ ದೂರು ಕೊಡಲು ಇಂದು ಕಾನೂನಿದೆ. ಅದರ ಬೇರು ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿದೆ.

1992. ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯ ಕಾರ್ಯಕರ್ತೆ ಭಂವರಿ ದೇವಿ, ಹಸುಗೂಸಿನ ಮದುವೆ ತಡೆಯಲು ಮುಂದಾದರು. ಸೇಡಿಗೆ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಭಂವರಿ ಬಾಯಿ ಮುಚ್ಚಿ ಕೂರಲಿಲ್ಲ, ದೂರು ಕೊಟ್ಟರು. 1995ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಮುಕ್ತಗೊಳಿಸಿತು.

ಅಷ್ಟರಲ್ಲಿ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದವು. ದುಡಿಯುವ ಹೆಣ್ಣಿನ ಸುರಕ್ಷತೆ ಯಾರ ಹೊಣೆ? ನಮ್ಮಲ್ಲಿ ಅದಕ್ಕೊಂದು ಕಾನೂನೇ ಇರಲಿಲ್ಲ. ಕೋರ್ಟ್ ಆಧಾರವಾಗಿ ಹಿಡಿದದ್ದು, ಮಹಿಳೆಯರ ವಿರುದ್ಧದ ತಾರತಮ್ಯ ಅಳಿಸಲು ವಿಶ್ವಸಂಸ್ಥೆ 1979ರಲ್ಲಿ ಅಂಗೀಕರಿಸಿದ ಒಪ್ಪಂದವನ್ನು. 1997ರಲ್ಲಿ ಆ ಪ್ರಕರಣದ ತೀರ್ಪು ಬಂತು; ವಿಶಾಖಾ ತೀರ್ಪು ಎಂದೇ ಅದಕ್ಕೆ ಹೆಸರು. 2013ರಲ್ಲಿ ಕಾನೂನು ಬಂತು.

ಆ ಕಾನೂನಿನ ಪ್ರಕಾರ, 10 ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಆಲಿಸುವ ಆಂತರಿಕ ಸಮಿತಿ ಕಡ್ಡಾಯ. ಗಾರ್ಮೆಂಟ್ಸ್ ಆಗಲಿ, ಐಟಿ ಕಂಪನಿಯಾಗಲಿ. ಚಿಕ್ಕ ಅಂಗಡಿಯವರಿಗೆ, ಮನೆಗೆಲಸದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಬರೆಯಲು ಆಗದಿದ್ದರೆ ಸಮಿತಿಯೇ ನೆರವಾಗಬೇಕು.

ನಿಮ್ಮ ಆಫೀಸಿನ ಸಮಿತಿಯಲ್ಲಿ ಯಾರಿದ್ದಾರೆ? ಇವತ್ತೇ ಕೇಳಿ. ಕೇಳುವುದು ನಿಮ್ಮ ಹಕ್ಕು.