ಗಿಡದಿಂದ ಲೋಟಕ್ಕೆ: ಕಾಫಿ ಬೀಜದ ಪಯಣ

ಮಕ್ಕಳೇ, ಬೆಳಿಗ್ಗೆ ಮನೆಯಲ್ಲಿ ಕಾಫಿ ಫಿಲ್ಟರಿಗೆ ಬಿಸಿನೀರು ಸುರಿದ ಕೂಡಲೇ ಘಮಘಮ ಪರಿಮಳ ಬರುತ್ತದೆ, ಅಲ್ಲವೇ? ಆದರೆ ತೋಟದಲ್ಲಿ ಒಂದು ಕಾಫಿ ಹಣ್ಣನ್ನು ಬಿಡಿಸಿ, ಒಳಗಿನ ಬೀಜವನ್ನು ಮೂಸಿ ನೋಡಿದರೆ ಆ ಪರಿಮಳ ಇರುವುದೇ ಇಲ್ಲ! ಹಾಗಾದರೆ ಅದು ಎಲ್ಲಿಂದ ಬಂತು? ಬನ್ನಿ, ಗಿಡದಿಂದ ಲೋಟದವರೆಗೆ ಬೀಜದ ಜೊತೆಯಲ್ಲೇ ಹೋಗೋಣ. ದಾರಿಯಲ್ಲಿ ಒಂದು ವಿಷಯವನ್ನು ಗಮನಿಸುತ್ತಿರಿ: ನೀರು ಯಾವಾಗ ಬೇಕು, ಯಾವಾಗ ಬೇಡ?

ಎಲ್ಲಿಂದ ಬಂತು ಕಾಫಿ?

ಕಾಫಿ ಗಿಡದ ತವರು ಆಫ್ರಿಕದ ಇಥಿಯೋಪಿಯ. ಅಲ್ಲಿಂದ ಅದು ಯೆಮನ್ ದೇಶಕ್ಕೆ ಹೋಯಿತು. 17ನೇ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮನ್‌ನ ಮೋಕಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರು ಎಂದು ಹೇಳುತ್ತಾರೆ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇಕಡ 70 ಭಾಗ ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳು ಇದಕ್ಕೆ ಹೆಸರುವಾಸಿ. ಇಲ್ಲಿ ಅರೇಬಿಕಾ, ರೊಬಸ್ಟಾ ಎಂಬ ಎರಡು ಜಾತಿಯ ಕಾಫಿಯನ್ನು ಮರಗಳ ನೆರಳಿನಲ್ಲಿ ಬೆಳೆಸುತ್ತಾರೆ.

ಹೂ ಮಳೆಗಾಗಿ ಕಾಯುವ ಮೊಗ್ಗು

ಮಳೆಗಾಲ ಮುಗಿದ ಮೇಲೆ ಕಾಫಿ ರೆಂಬೆಗಳಲ್ಲಿ ಸಣ್ಣ ಮೊಗ್ಗುಗಳು ಮೂಡುತ್ತವೆ. ಆದರೆ ಅವು ಕೂಡಲೇ ಅರಳುವುದಿಲ್ಲ. ಒಣ ಹವೆಯಲ್ಲಿ ಕೆಲವು ವಾರ ನಿದ್ದೆ ಮಾಡಿದಂತೆ ಇರುತ್ತವೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ನಿದ್ದೆ ಕಳೆದು, ಒಂದು ವಾರದಿಂದ ಹತ್ತು ದಿನದೊಳಗೆ ಇಡೀ ತೋಟ ಬೆಳ್ಳಗೆ ಅರಳುತ್ತದೆ. ಮಲ್ಲಿಗೆಯಂಥ ಸುವಾಸನೆ! ಅದಕ್ಕೇ ಬೆಳೆಗಾರರು ಇದನ್ನು 'ಹೂ ಮಳೆ' ಎನ್ನುತ್ತಾರೆ.

ಅರೇಬಿಕಾ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಅದನ್ನು ಗಾಳಿ ಮತ್ತು ಜೇನುನೊಣಗಳು ತಂದುಕೊಡುತ್ತವೆ.

ಹೂ ಮಳೆ ಬರದಿದ್ದರೆ ಮೊಗ್ಗು ಬಾಡುತ್ತದೆ. ಚೂರುಚೂರಾಗಿ ಬಂದರೆ ಹೂವು ಒಟ್ಟಿಗೆ ಅರಳದೆ ಕಂತುಕಂತಾಗಿ ಅರಳುತ್ತದೆ. ಆಗ ಹಣ್ಣೂ ಒಟ್ಟಿಗೆ ಆಗುವುದಿಲ್ಲ. ನೋಡಿ, ಮಾರ್ಚ್ ತಿಂಗಳ ಒಂದು ಮಳೆ ಇಡೀ ವರ್ಷದ ಫಸಲನ್ನು ತೀರ್ಮಾನಿಸುತ್ತದೆ! ನೀರಿನ ಅನುಕೂಲ ಇರುವವರು ಸ್ಪ್ರಿಂಕ್ಲರ್‌ನಿಂದ ನೀರು ಹಾಯಿಸಿ ಹೂ ಅರಳಿಸುತ್ತಾರೆ. ಇಲ್ಲದವರು ಆಕಾಶ ನೋಡಬೇಕು.

ಕೆಂಪು ಹಣ್ಣನ್ನೇ ಕೊಯ್ಯಬೇಕು

ಅರೇಬಿಕಾ ಹಣ್ಣಾಗಲು ಎಂಟು-ಒಂಬತ್ತು ತಿಂಗಳು, ರೊಬಸ್ಟಾಕ್ಕೆ ಹತ್ತು-ಹನ್ನೊಂದು ತಿಂಗಳು ಬೇಕು. ಕೊಯ್ಲಿನವರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೆಂಪು ಹಣ್ಣುಗಳನ್ನು ಆರಿಸಿ ಬಿಡಿಸುತ್ತಾರೆ. ಒಂದೇ ಗೊಂಚಲಿನಲ್ಲಿ ಹಸಿರು ಕಾಯಿಯೂ ಕೆಂಪು ಹಣ್ಣೂ ಇದ್ದರೆ ಅದೇ ಗಿಡಕ್ಕೆ ಮತ್ತೆ ಮತ್ತೆ ಬರಬೇಕು. ಎಳೆಯ ಕಾಯಿ ಬೆರೆತರೆ ಕಾಫಿಯ ರುಚಿ ಕೆಡುತ್ತದೆ. ನಿಮ್ಮ ಲೋಟದ ರುಚಿಯ ಮೊದಲ ಪರೀಕ್ಷಕರು ಈ ಕೊಯ್ಲಿನವರೇ.

ನೀರನ್ನು ಹೊರಗೆ ಕಳಿಸುವ ಕೆಲಸ

ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜಗಳು ಚಪ್ಪಟೆ ಮುಖಗಳನ್ನು ಒಂದಕ್ಕೊಂದು ತಾಗಿಸಿಕೊಂಡಿರುತ್ತವೆ. ಹಣ್ಣನ್ನು ಒಣಗಿಸಲು ಎರಡು ದಾರಿಗಳಿವೆ.

ಮೊದಲನೆಯದು ಸುಲಭ. ಹಣ್ಣನ್ನು ಹಾಗೆಯೇ ಕಣದಲ್ಲಿ ಹರಡಿ ಎರಡು ವಾರ ಬಿಸಿಲಿಗೆ ಒಣಗಿಸುವುದು. ಒಣಗಿದ ಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅಲುಗಾಡಿಸಿದರೆ ಗಲಗಲ ಸದ್ದು ಬರುತ್ತದೆ. ಇದಕ್ಕೆ 'ಚೆರ್ರಿ ಕಾಫಿ' ಎಂದು ಹೆಸರು.

ಎರಡನೆಯದರಲ್ಲಿ ಪಲ್ಪರ್ ಯಂತ್ರದಿಂದ ಸಿಪ್ಪೆ ತೆಗೆಯುತ್ತಾರೆ. ಬೀಜಕ್ಕೆ ಅಂಟಿದ ಲೋಳೆ ಮಾತ್ರ ಹೋಗುವುದಿಲ್ಲ. ಅದಕ್ಕಾಗಿ ಬೀಜಗಳನ್ನು ತೊಟ್ಟಿಯಲ್ಲಿ ಒಂದು ದಿನ, ಒಂದೂವರೆ ದಿನ ಬಿಡುತ್ತಾರೆ. ದೋಸೆ ಹಿಟ್ಟನ್ನು ಹುಳಿ ಬರಿಸುವ ಹಾಗೆಯೇ ಇಲ್ಲಿಯೂ ಸೂಕ್ಷ್ಮಜೀವಿಗಳು ಲೋಳೆಯನ್ನು ಕರಗಿಸುತ್ತವೆ. ಬೀಜವನ್ನು ಕೈಯಲ್ಲಿ ಉಜ್ಜಿದಾಗ ಜಾರದೆ ಕಲ್ಲುಹರಳಿನಂತೆ ಒರಟಾಗಿದ್ದರೆ ತೊಳೆಯಲು ಸಿದ್ಧ ಎಂದರ್ಥ. ಹೀಗೆ ತೊಳೆದು ಒಣಗಿಸಿದ್ದು 'ಪಾರ್ಚ್‌ಮೆಂಟ್ ಕಾಫಿ'.

ತೊಳೆದ ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಅದು ಶೇಕಡ 10ರಿಂದ 12ಕ್ಕೆ ಇಳಿಯಬೇಕು. ಹೆಚ್ಚು ಉಳಿದರೆ ಬೂಷ್ಟು ಹಿಡಿಯುತ್ತದೆ. ಮಾರ್ಚ್‌ನಲ್ಲಿ ಹಾರೈಸಿದ ಮಳೆ ಈಗ ಬಂದರೆ ನಷ್ಟವೇ ನಷ್ಟ! 2021ರ ಜನವರಿಯಲ್ಲಿ ಕಾಫಿ ನಾಡಿಗೆ ಅಕಾಲ ಮಳೆ ಸುರಿದಾಗ ಹೀಗೇ ಆಯಿತು. ಗಿಡದಲ್ಲಿದ್ದ ಹಣ್ಣು ಉದುರಿತು, ಕಣದಲ್ಲಿದ್ದದ್ದು ನೆನೆಯಿತು.

ಇನ್ನೊಂದು ಎಚ್ಚರವೂ ಬೇಕು. ಪಲ್ಪರ್‌ನಿಂದ ಹೊರಬರುವ ನೀರಿನಲ್ಲಿ ಸಕ್ಕರೆ ಮತ್ತು ಲೋಳೆ ಇರುತ್ತವೆ. ಅದು ಹಳ್ಳ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಬೆಳೆಯುತ್ತಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಮೀನುಗಳು ಸಾಯುತ್ತವೆ. ಕಾವೇರಿ, ಹೇಮಾವತಿ ಹುಟ್ಟುವುದು ಈ ಕಾಫಿ ನಾಡಿನಲ್ಲೇ. ಆದ್ದರಿಂದ ಆ ನೀರನ್ನು ತೊಟ್ಟಿಗಳಲ್ಲಿ ಶುದ್ಧೀಕರಿಸಿಯೇ ಬಿಡಬೇಕು.

ಪರಿಮಳ ಹುಟ್ಟುವ ಕ್ಷಣ

ಒಣಗಿದ ಕಾಫಿ ಕ್ಯೂರಿಂಗ್ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಹೊಟ್ಟು ತೆಗೆದು, ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದು ವಿಂಗಡಿಸುತ್ತಾರೆ. ಐದಾರು ಕಿಲೋ ಅರೇಬಿಕಾ ಹಣ್ಣಿನಿಂದ ಸಿಗುವುದು ಸುಮಾರು ಒಂದು ಕಿಲೋ ಬೀಜ. ಅದರ ಬಣ್ಣ ಬೂದುಹಸಿರು. ಪರಿಮಳ ಇನ್ನೂ ಇಲ್ಲ!

ಈಗ ಹುರಿಯುವ ಸರದಿ. ಉಳಿದ ನೀರು ಆವಿಯಾಗುತ್ತದೆ. ಬೀಜ ಹಳದಿಯಾಗಿ, ನಂತರ ಕಂದಾಗುತ್ತದೆ. ಶಾಖ 200 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಒಳಗಿನ ಆವಿಯ ಒತ್ತಡಕ್ಕೆ ಬೀಜ ಚಟಪಟ ಸಿಡಿದು ಉಬ್ಬುತ್ತದೆ. ಈ ಶಾಖದಲ್ಲಿ ಬೀಜದೊಳಗಿನ ಸಕ್ಕರೆಗಳೂ ಪ್ರೋಟೀನಿನ ಘಟಕಗಳಾದ ಅಮೈನೊ ಆಮ್ಲಗಳೂ ಸೇರಿ ನೂರಾರು ಹೊಸ ಸಂಯುಕ್ತಗಳು ಹುಟ್ಟುತ್ತವೆ. ಕಾಫಿಯ ಬಣ್ಣ ಮತ್ತು ಪರಿಮಳ ಬರುವುದು ಮುಖ್ಯವಾಗಿ ಇವುಗಳಿಂದಲೇ! 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿಯ ಹೆಸರಿನಲ್ಲಿ ಇದಕ್ಕೆ 'ಮೈಲಾರ್ಡ್ ಕ್ರಿಯೆ' ಎನ್ನುತ್ತಾರೆ. ದೋಸೆ ಕೆಂಪಗಾಗುವುದೂ ಕಡಲೆಬೀಜ ಹುರಿದಾಗ ಘಮಘಮಿಸುವುದೂ ಇದರಿಂದಲೇ.

ಹುರಿದ ಬೀಜವನ್ನು ಪುಡಿ ಮಾಡಿದರೆ ಬಿಸಿನೀರು ತಾಗುವ ಮೇಲ್ಮೈ ಹೆಚ್ಚುತ್ತದೆ. ರುಚಿ ಬೇಗ ಇಳಿಯುತ್ತದೆ. ಫಿಲ್ಟರಿನಲ್ಲಿ ತೊಟ್ಟಿಕ್ಕುವ ಡಿಕಾಕ್ಷನ್ ಅದೇ. ಅದರಲ್ಲಿ ಕೆಫೀನ್ ಕೂಡ ಇದೆ. ಅದು ನಿದ್ದೆಯನ್ನು ದೂರ ಮಾಡುತ್ತದೆ. ಹಾಗಾಗಿ ಮಕ್ಕಳಿಗೆ ಕಾಫಿ ಅಭ್ಯಾಸ ಬೇಡ.

ಮಾಡಿ ನೋಡಿ

ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಳ್ಳಿ. ಅರ್ಧ ಚಮಚ ಕಾಫಿ ಪುಡಿಯನ್ನು ಮೇಲಿನಿಂದ ಮೆಲ್ಲನೆ ಉದುರಿಸಿ. ಕಲಕಬೇಡಿ. ಕಾಫಿ ಪುಡಿ ಸ್ವಲ್ಪ ಹೊತ್ತು ತೇಲುತ್ತದೆ. ಕೆಲವು ಕಣಗಳು ಕೂಡಲೇ ಕಂದುಬಣ್ಣದ ಎಳೆ ಬಿಡುತ್ತಾ ಮುಳುಗಿದರೆ ಅದು ಚಿಕೋರಿ. ಚಿಕೋರಿ ಎಂದರೆ ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಅದನ್ನು ಬೆರೆಸಿ ಮಾರಬಹುದು. ಆದರೆ ಅಂಥ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇಕಡ 51 ಇರಲೇಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಿರಬೇಕು. ನಿಮ್ಮ ಮನೆಯ ಪೊಟ್ಟಣವನ್ನು ಓದಿ ನೋಡಿ.

ಯೋಚಿಸಿ, ಉತ್ತರಿಸಿ

1. ಕಾಫಿ ಬೆಳೆಗಾರರಿಗೆ ಮಳೆ ಯಾವ ತಿಂಗಳಲ್ಲಿ ಬೇಕು, ಯಾವ ತಿಂಗಳಲ್ಲಿ ಬೇಡ? ಏಕೆ?
2. ಹುರಿದ ಕಾಫಿ ಬೀಜವನ್ನು ಬಿತ್ತಿದರೆ ಮೊಳೆಯುತ್ತದೆಯೇ?
3. ನಿಮ್ಮ ಊರಿನ ಬೆಳೆಗಳಲ್ಲಿ ಒಂದು ಮಳೆಯನ್ನೇ ನೆಚ್ಚಿಕೊಂಡ ಬೆಳೆ ಯಾವುದು? ಹಿರಿಯರನ್ನು ಕೇಳಿ ಬರೆಯಿರಿ.