ಸ್ವಿಚ್ಚಿನ ನೆನಪು, ಸ್ವಿಚ್ಚಿನ ಮರೆವು



ವೈದ್ಯರಾದವರು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತು ಬಿಟ್ಟು ಕಂಪ್ಯೂಟರ್ ಜಾಲದ ಬಗೆಗೆ ಉಪನ್ಯಾಸ ಮಾಡುವುದು ಅಧಿಕಪ್ರಸಂಗವೆಂದು ಈ ಸಭೆಯ ಇಂಜಿನಿಯರುಗಳಿಗೆ ತೋರಬಹುದು. ಜ್ಯಾಕ್ ಕಿಲ್ಬಿ ೧೯೫೮ರಲ್ಲಿ ಡಲ್ಲಾಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಇಂಟಿಗ್ರೇಟೆಡ್ ಸರ್ಕ್ಯುಟ್ಟನ್ನು ನಿರ್ಮಿಸಿ ತೋರಿಸಿದ ನೆಲವಿದು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳ ನಮ್ಮ ಎಷ್ಟೋ ಮನೆಗಳ ಅನ್ನ ಈ ವಿದ್ಯೆಯಿಂದಲೇ ಬರುತ್ತಿದೆ. ಆದರೆ ಇಂದು ರೋಗಿಯ ಹಾಸಿಗೆಯ ಬಳಿಯ ಮಾನಿಟರು, ಎಕ್ಸ್‌ರೇ ಚಿತ್ರ, ರಕ್ತಪರೀಕ್ಷೆಯ ಫಲಿತಾಂಶ ಇವೆಲ್ಲವೂ ಸ್ವಿಚ್ ಎಂಬ ಪೆಟ್ಟಿಗೆಯನ್ನು ಹಾದು ನಮ್ಮ ಕಣ್ಣಿಗೆ ಬೀಳುತ್ತವೆ. ಆ ಪೆಟ್ಟಿಗೆ ಯಾರಿಗೆ ಏನನ್ನು ತಲುಪಿಸಬೇಕೆಂದು ಹೇಗೆ ಅರಿಯುತ್ತದೆಂಬುದನ್ನು ಚಿಕಿತ್ಸೆ ಕೊಡುವವರೂ ಪಡೆಯುವವರೂ ಒಂದಿಷ್ಟು ತಿಳಿದಿರಬೇಕೆಂಬುದು ನಮ್ಮ ಮತ.

೧೯೭೩ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿ ಬಾಬ್ ಮೆಟ್‌ಕಾಫ್ ಮತ್ತು ಅವರ ಸಂಗಡಿಗರು ಈಥರ್ನೆಟ್ ಎಂಬ ಜಾಲವನ್ನು ರೂಪಿಸಿದರು. (ಇದೇ ಮೆಟ್‌ಕಾಫ್ ೨೦೧೧ರಲ್ಲಿ ನಮ್ಮ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು.) ಮೊದಲಿಗೆ ಎಲ್ಲ ಯಂತ್ರಗಳೂ ಒಂದೇ ತಂತಿಯನ್ನು ಹಂಚಿಕೊಂಡಿದ್ದವು, ಒಬ್ಬರು ಆಡಿದ್ದು ಎಲ್ಲರ ಕಿವಿಗೂ ಬೀಳುತ್ತಿತ್ತು. ಆ ಗದ್ದಲವನ್ನು ಕಳೆದದ್ದು ಸ್ವಿಚ್. ೧೯೯೦ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಮೊದಲ ಈಥರ್ನೆಟ್ ಸ್ವಿಚ್ಚನ್ನು ತಯಾರಿಸಿದ ಕಂಪೆನಿಯ ಹೆಸರು 'ಕಲ್ಪನಾ'. ಸ್ಥಾಪಕರಲ್ಲೊಬ್ಬರಾದ ವಿನೋದ್ ಭಾರದ್ವಾಜ್ ತಮ್ಮ ಪತ್ನಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ೧೯೯೪ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡಿತು.

ಜಾಲಕ್ಕೆ ಸೇರುವ ಪ್ರತಿಯೊಂದು ಯಂತ್ರಕ್ಕೂ ೪೮ ಬಿಟ್‌ಗಳ ಮ್ಯಾಕ್ ವಿಳಾಸವೊಂದಿರುತ್ತದೆ. ವಿಳಾಸವೆಂದು ಕರೆದರೂ ಅದು ನಿಜಕ್ಕೂ ಹೆಸರೇ. ಅದರ ಮೊದಲ ಅರ್ಧ ತಯಾರಕರು ಯಾರೆಂದು ಹೇಳೀತೇ ಹೊರತು, ಯಂತ್ರವು ಯಾವ ಮಹಡಿಯಲ್ಲಿದೆ, ಯಾವ ಕೋಣೆಯಲ್ಲಿದೆ ಎಂಬುದನ್ನು ಹೇಳದು. ಊರು, ಬೀದಿ, ಮನೆಯ ಸಂಖ್ಯೆ ಇಲ್ಲದೆ ಬರಿಯ ಹೆಸರಿರುವ ಲಕೋಟೆಯನ್ನು ಅಂಚೆಯವನು ಎಲ್ಲಿಗೆ ಒಯ್ಯಬೇಕು? ಈ ತೊಡಕಿನಿಂದಲೇ ಕೋಷ್ಟಕ ಹುಟ್ಟಿತು.

ಹೊಸ ಸ್ವಿಚ್ಚಿಗೆ ವಿದ್ಯುತ್ತು ಕೊಟ್ಟಾಗ ಅದರ ಕೋಷ್ಟಕ ಬರಿದಾಗಿರುತ್ತದೆ. ಯಾರೂ ಅದಕ್ಕೆ ಹೇಳಿಕೊಡುವುದಿಲ್ಲ. ಮೂರನೆಯ ದ್ವಾರದಿಂದ ಒಂದು ಲಕೋಟೆ ಬಂದೊಡನೆ ಚಿಪ್ಪು ಕಳುಹಿಸಿದವರ ಹೆಸರನ್ನು ಓದಿ, 'ಇವರು ಮೂರನೆಯ ದ್ವಾರದಲ್ಲಿದ್ದಾರೆ' ಎಂದು ಬರೆದುಕೊಳ್ಳುತ್ತದೆ. ಅನಂತರ ಸೇರಬೇಕಾದವರ ಹೆಸರನ್ನು ಹುಡುಕುತ್ತದೆ. ಸಿಕ್ಕಿತೋ, ಆ ಒಂದು ದ್ವಾರಕ್ಕೆ ಮಾತ್ರ ಕಳುಹಿಸುತ್ತದೆ. ಸಿಗದಿದ್ದರೆ ಬಂದ ದ್ವಾರವೊಂದನ್ನು ಬಿಟ್ಟು ಉಳಿದ ಎಲ್ಲ ದ್ವಾರಗಳಿಗೂ ಕಳುಹಿಸುತ್ತದೆ. ಸರಿಯಾದವರು ಮರುನುಡಿದಾಗ ಅವರ ನೆಲೆಯೂ ದಾಖಲಾಗುತ್ತದೆ. ಕಲಿಯುವುದು ಕಳುಹಿಸಿದವರಿಂದ, ಹುಡುಕುವುದು ಸೇರಬೇಕಾದವರನ್ನು. ಇಷ್ಟನ್ನು ಹಿಡಿದರೆ ಮಿಕ್ಕದ್ದು ಸುಲಭ.

ಹುಡುಕಲು ಇರುವ ಸಮಯವಾದರೂ ಎಷ್ಟು? ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದಲ್ಲಿ ಅತಿ ಚಿಕ್ಕ ಲಕೋಟೆಗಳು ಒಂದರ ಹಿಂದೊಂದು ಬಂದರೆ ಪ್ರತಿಯೊಂದಕ್ಕೂ ೬೭೨ ನ್ಯಾನೊಸೆಕೆಂಡು. ೨೪ ದ್ವಾರಗಳೂ ಹಾಗೆ ತುಂಬಿ ಹರಿದರೆ ಪ್ರತಿ ಲಕೋಟೆಯ ಪಾಲಿಗೆ ೨೮ ನ್ಯಾನೊಸೆಕೆಂಡು ಮಾತ್ರ. ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಲು ಇಲ್ಲಿ ಬಿಡುವಿಲ್ಲ. ಆದುದರಿಂದ ಹಲವು ಚಿಪ್ಪುಗಳು ಹ್ಯಾಶ್ ಎಂಬ ಗಣಿತವನ್ನು ಆಶ್ರಯಿಸುತ್ತವೆ: ೪೮ ಬಿಟ್‌ಗಳನ್ನು ಕಲಸಿ ಒಂದು ಚಿಕ್ಕ ಸಂಖ್ಯೆಯನ್ನಾಗಿಸಿ, ಆ ಸಂಖ್ಯೆಯ ಗೂಡಿಗೆ ನೇರವಾಗಿ ಹೋಗುವುದು. ೮೧೯೨ ಹೆಸರುಗಳ ಕೋಷ್ಟಕವನ್ನು ತಲಾ ನಾಲ್ಕು ಹೆಸರು ಹಿಡಿಯುವ ೨೦೪೮ ಗೂಡುಗಳಾಗಿ ಕಟ್ಟಿದ್ದಾರೆನ್ನೋಣ; ಗೂಡಿನ ನಾಲ್ಕನ್ನೂ ಚಿಪ್ಪು ಏಕಕಾಲದಲ್ಲಿ ಹೋಲಿಸಿ ನೋಡುತ್ತದೆ.

ನಮ್ಮ ವೈದ್ಯಕೀಯ ಕಾಲೇಜಿನ ಹಾಸ್ಟೆಲಿನಲ್ಲಿ ಪತ್ರಗಳಿಗಾಗಿ ಇಂಗ್ಲಿಷ್ ಅಕ್ಷರಮಾಲೆಯ ಗೂಡುಗಳಿದ್ದವು. 'ಎಸ್' ಗೂಡಿನಲ್ಲಿ ಶ್ರೀನಿವಾಸ, ಶಿವಕುಮಾರ, ಸುರೇಶರ ಪತ್ರಗಳು ತುಂಬಿ ನೆಲಕ್ಕೆ ಬೀಳುತ್ತಿದ್ದರೆ 'ಎಕ್ಸ್' ಗೂಡಿನಲ್ಲಿ ಜೇಡ ಬಲೆ ಕಟ್ಟಿರುತ್ತಿತ್ತು. ಹ್ಯಾಶ್ ಗಣಿತವು ಹೆಸರುಗಳನ್ನು ಆದಷ್ಟು ಸಮನಾಗಿ ಹರಡಲು ಯತ್ನಿಸುವುದು ಇದಕ್ಕಾಗಿಯೇ. ಆದರೂ ಒಮ್ಮೊಮ್ಮೆ ಒಂದೇ ಗೂಡಿಗೆ ಐದನೆಯ ಹೆಸರು ಬಂದು ನಿಲ್ಲುತ್ತದೆ. ಆಗ ಕೋಷ್ಟಕದ ಬೇರೆಡೆ ಸಾವಿರ ಜಾಗ ಖಾಲಿಯಿದ್ದರೂ ಚಿಪ್ಪು ಹಳೆಯದೊಂದನ್ನು ತಳ್ಳಬೇಕು, ಇಲ್ಲವೆ ಹೊಸದನ್ನು ಕಲಿಯದೆ ಬಿಡಬೇಕು. ಕಲಿಯದೆ ಬಿಟ್ಟವರಿಗೆ ಬರುವ ಲಕೋಟೆಗಳು ಎಲ್ಲ ದ್ವಾರಗಳಿಗೂ ಹೋಗುತ್ತಲೇ ಇರುತ್ತವೆ.

ಇನ್ನು ಮರೆವಿನ ಮಾತು. ನಮ್ಮನ್ನು ಹೆಚ್ಚು ಸೆಳೆದದ್ದು ಇದೇ. ಒಂದು ಯಂತ್ರವು ೩೦೦ ಸೆಕೆಂಡು ಮೌನವಾಗಿದ್ದರೆ ಅದರ ಹೆಸರನ್ನು ಅಳಿಸುವುದು ವಾಡಿಕೆಯ ಕ್ರಮ. ಸಾವಿರಾರು ಹೆಸರುಗಳಿಗೆ ಒಂದೊಂದು ಗಡಿಯಾರ ಇಡುವುದು ದುಬಾರಿಯಾದ್ದರಿಂದ ಹಲವು ಚಿಪ್ಪುಗಳು ಪ್ರತಿ ಹೆಸರಿನ ಜೊತೆಗೆ ಒಂದೇ ಬಿಟ್ಟನ್ನು ಇಡುತ್ತವೆ. ಆ ಯಂತ್ರ ಮಾತನಾಡಿದಾಗಲೆಲ್ಲ ಬಿಟ್ ಒಂದಾಗುತ್ತದೆ. ಚಿಪ್ಪು ಆಗಾಗ ಕೋಷ್ಟಕದಲ್ಲಿ ಸುತ್ತು ಹೊಡೆದು ಒಂದಾಗಿದ್ದುದನ್ನು ಸೊನ್ನೆ ಮಾಡುತ್ತದೆ, ಮೊದಲೇ ಸೊನ್ನೆಯಿದ್ದವರನ್ನು ಕಳಚಿಹಾಕುತ್ತದೆ. ಆಸ್ಟಿನ್ನಿನ ದ ಡೊಮೇನ್‌ನಂತಹ ಅಂಗಡಿಬೀದಿಯಲ್ಲಿ ದಿನವಿಡೀ ಫೋನುಗಳು ಬಂದುಹೋಗುತ್ತವೆ. ೨೦೨೦ರಿಂದ ಐಫೋನುಗಳು ಪ್ರತಿ ಜಾಲಕ್ಕೂ ಬೇರೊಂದು ತೋರಿಕೆಯ ಹೆಸರನ್ನೇ ಹೇಳುತ್ತವೆ. ಮರೆಯದ ಸ್ವಿಚ್ ಅಲ್ಲಿ ಬಹುಕಾಲ ಬಾಳದು. ಆಸ್ಪತ್ರೆಯಲ್ಲಿಯೂ ಅಲ್ಟ್ರಾಸೌಂಡ್ ಯಂತ್ರವನ್ನು ಒಂದು ವಾರ್ಡಿನಿಂದ ಮತ್ತೊಂದಕ್ಕೆ ತಳ್ಳಿಕೊಂಡು ಹೋಗುತ್ತಾರೆ. ಅದು ಹೊಸ ದ್ವಾರದಿಂದ ಮಾತನಾಡಿದ ಕ್ಷಣವೇ ಹಳೆಯ ದಾಖಲೆ ತಿದ್ದಿಹೋಗುತ್ತದೆ. ಮಾತನಾಡದಿದ್ದರೆ, ಹಳೆಯ ನೆನಪು ಅಳಿಯುವವರೆಗೂ ಅದಕ್ಕೆ ಕಳುಹಿಸಿದ್ದೆಲ್ಲ ಹಳೆಯ ವಾರ್ಡಿನ ಕಡೆಗೇ ಹೋಗುತ್ತಿರುತ್ತದೆ.

ಈ ಸ್ವಭಾವವನ್ನು ಕೆಡುಕಿಗೂ ಬಳಸಬಹುದು. ಯಾರಾದರೂ ಒಂದು ದ್ವಾರದಿಂದ ಸುಳ್ಳು ಹೆಸರುಗಳ ಲಕೋಟೆಗಳನ್ನು ಲಕ್ಷಗಟ್ಟಲೆ ಸುರಿದರೆ ಕೋಷ್ಟಕ ಭರ್ತಿಯಾಗುತ್ತದೆ. ನಿಜವಾದ ಯಂತ್ರಗಳಿಗೆ ಜಾಗ ಸಿಗದೆ, ಅವುಗಳಿಗೆ ಬಂದದ್ದು ಎಲ್ಲರಿಗೂ ಹೋಗತೊಡಗುತ್ತದೆ. ರೋಗಿಯ ಗುಟ್ಟು ಮತ್ತೆ ಹಳೆಯ ತಂತಿಯ ಕಾಲದಂತೆ ಬೀದಿಗೆ ಬೀಳುತ್ತದೆ. ಒಂದು ದ್ವಾರದಿಂದ ಇಂತಿಷ್ಟೇ ಹೆಸರುಗಳನ್ನು ಕಲಿಯತಕ್ಕದ್ದೆಂದು ಕಟ್ಟಳೆ ವಿಧಿಸುವುದು ಇದಕ್ಕೆ ಮದ್ದು. ಲಕೋಟೆಯ ಒಳಗನ್ನು ಗೂಢಲಿಪಿಯಲ್ಲಿ ಬರೆಯುವುದು ಅದಕ್ಕಿಂತ ಮೇಲಾದ ಮದ್ದು.

ಮತ್ತೊಂದು ಅಪಾಯ, ಸ್ವಿಚ್ಚುಗಳ ನಡುವೆ ಉಂಟಾಗುವ ಸುತ್ತು. ಒಂದೇ ಲಕೋಟೆ ಎರಡು ದಾರಿಗಳಿಂದ ತಿರುಗಿ ಬಂದರೆ ಚಿಪ್ಪು 'ಇವರು ಇಲ್ಲಿ, ಅಲ್ಲ ಅಲ್ಲಿ' ಎಂದು ಕ್ಷಣಕ್ಷಣಕ್ಕೂ ತಿದ್ದುತ್ತ ಕೂರುತ್ತದೆ. ಈಥರ್ನೆಟ್ ಲಕೋಟೆಗೆ ಆಯುಸ್ಸಿನ ಮಿತಿಯಿಲ್ಲವಾಗಿ ಅದು ಸುತ್ತುತ್ತಲೇ ಇರುತ್ತದೆ. ರೇಡಿಯಾ ಪರ್ಲ್‌ಮನ್ ೧೯೮೫ರಲ್ಲಿ ಪ್ರಕಟಿಸಿದ ಸ್ಪ್ಯಾನಿಂಗ್ ಟ್ರೀ ಎಂಬ ಕ್ರಮವು ಇಂತಹ ಸುತ್ತುಗಳನ್ನು ತಾನಾಗಿ ಕತ್ತರಿಸುತ್ತದೆ. ಆದರೆ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲವು ಆ ಕ್ರಮದ ಮಿತಿಯನ್ನು ಮೀರಿ ಬೆಳೆದಿತ್ತು. ನವೆಂಬರ್ ೨೦೦೨ರಲ್ಲಿ ಸಂಶೋಧನೆಯ ದೊಡ್ಡದೊಂದು ದತ್ತಾಂಶ ಹರಿದಾಗ ಆ ಕ್ರಮ ಕುಸಿಯಿತು. ಸುಮಾರು ನಾಲ್ಕು ದಿನ ಅಲ್ಲಿನ ವೈದ್ಯರೂ ದಾದಿಯರೂ ಔಷಧಿಯ ಚೀಟಿ, ಪರೀಕ್ಷೆಯ ಫಲಿತಾಂಶಗಳನ್ನು ಕಾಗದದಲ್ಲಿ ಬರೆದು ಕೈಯಿಂದ ಕೈಗೆ ಸಾಗಿಸಿದರು. ಕಾಗದದಲ್ಲಿ ಚೀಟಿ ಬರೆದು ಅಭ್ಯಾಸವೇ ಇರದಿದ್ದ ಕಿರಿಯ ವೈದ್ಯರಿಗೆ ಹಿರಿಯರು ಅದನ್ನು ಹೇಳಿಕೊಡಬೇಕಾಯಿತು. ಆಸ್ಪತ್ರೆಯು ಈ ಸಂಗತಿಯನ್ನು ಮುಚ್ಚಿಡದೆ ಹೊರಗೆ ಹೇಳಿಕೊಂಡದ್ದರಿಂದ ಉಳಿದ ಆಸ್ಪತ್ರೆಗಳಿಗೆ ಉಪಕಾರವೇ ಆಯಿತು. ನಾವು ಕೆಲಸ ಮಾಡುವ ಕಡೆ ಇಂದಿಗೂ ಪ್ರತಿ ವಾರ್ಡಿನ ಕಪಾಟಿನಲ್ಲಿ ಖಾಲಿ ನಮೂನೆಗಳ ಒಂದು ಕಟ್ಟು, ಅದರ ಮೇಲೆ ಒಂದು ಹಿಡಿ ಪೆನ್ನು ಇಟ್ಟಿರುತ್ತಾರೆ.